ಮೂವತ್ತು ರೂಪಾಯಿಯ ಉಂಗುರ

ಪರದೇಶದಿಂದ ಬಂದು ನಮ್ಮ ಅಡುಗೆಮನೆಗಳಲ್ಲಿ ಮನೆಮಗಳಂತೆ ನೆಲೆಸಿಬಿಟ್ಟ ಶಬ್ದಗಳಲ್ಲಿ 'ಗ್ಯಾಸ್ಕೆಟ್' ಎಂಬುದೂ ಒಂದು. ಅದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ಯಾವ ಗೃಹಿಣಿಯೂ ಪಂಡಿತರನ್ನು ಕೇಳಲು ಹೋದಂತೆ ಕಾಣೆ. ಬೇಳೆ ಬೇಯಲಿಟ್ಟು ಹದಿನೈದು ನಿಮಿಷವಾದರೂ ಕುಕ್ಕರು ಕೂಗದೆ, ಮುಚ್ಚಳದ ಅಂಚಿನಿಂದ ಹಬೆ ಬುಸ್ಸೆಂದು ಹೊರಟಿತೆಂದರೆ, "ಗ್ಯಾಸ್ಕೆಟ್ ಹೋಗಿದೆ" ಎಂಬ ತೀರ್ಪು ಒಳಗಿನಿಂದ ಬರುತ್ತದೆ. ಆ ತೀರ್ಪಿನ ಮೇಲೆ ಅಪೀಲಿಲ್ಲ. ಗಂಡಸಾದವನು ಚೀಲ ಹಿಡಿದು ಪಾತ್ರೆ ಅಂಗಡಿಗೆ ಹೊರಡಬೇಕು, ಅಷ್ಟೆ.

ಎರಡು ಲೋಹಗಳನ್ನು ಎಷ್ಟೇ ನುಣುಪಾಗಿ ಉಜ್ಜಿ ಒಂದರ ಮೇಲೊಂದು ಕೂರಿಸಿದರೂ ಅವುಗಳ ನಡುವೆ ಕೂದಲೆಳೆಯಷ್ಟಾದರೂ ಸಂದು ಉಳಿದೇ ಉಳಿಯುತ್ತದೆ. ಎರಡೂ ಗಟ್ಟಿ, ಎರಡೂ ಬಿಗಿ. ಯಾವುದೂ ಬಗ್ಗುವ ಜಾತಿಯಲ್ಲ. ಆಗ ಮೆತ್ತಗಿನದೊಂದು ಪದಾರ್ಥ ನಡುವೆ ಸಿಕ್ಕಿಕೊಂಡು, ತಾನು ನಲುಗಿ, ಆ ಸಂದನ್ನು ತುಂಬಬೇಕು. ಮದುವೆಮನೆಯಲ್ಲಿ ಬಿಗುಮಾನದ ಬೀಗರಿಬ್ಬರ ನಡುವೆ ಓಡಾಡುವ ಸೋದರಮಾವನ ಕೆಲಸ ಇದೇ ಅಲ್ಲವೆ? ಎಲ್ಲವೂ ಸುಸೂತ್ರವಾಗಿ ನಡೆದರೆ ಅವನು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ನಡೆಯದಿದ್ದರೆ ಮಾತ್ರ ಎಲ್ಲರೂ ಅವನನ್ನು ಹುಡುಕುತ್ತಾರೆ.

ಕುಕ್ಕರಿಗೆ ಒಂದು ಗ್ಯಾಸ್ಕೆಟ್ಟಾದರೆ ಕಾರಿಗೆ ಹಲವು. ಬೆಂಡಿನದು, ತಾಮ್ರದ್ದು, ಕಾಗದದ್ದು, ರಬ್ಬರಿನದು. ಕುಕ್ಕರು ಹಬೆ ಬಿಟ್ಟರೆ ಸಾರು ತಡವಾಗುತ್ತದೆ. ಕಾರು ಎಣ್ಣೆ ಬಿಟ್ಟರೆ ಕಾರೇ ಇಲ್ಲವಾಗುವ ಭಯವುಂಟು. ನಾನು ಈಗ ಹೇಳಹೊರಟಿರುವುದು ಅಂಥದೊಂದು ರಬ್ಬರಿನ ಉಂಗುರದ ವಿಷಯ. ಶಕುಂತಲೆಯ ಉಂಗುರ ಕಳೆದುಹೋದದ್ದರಿಂದ ಕಥೆಯಾಯಿತು. ನಮ್ಮ ಉಂಗುರವಾದರೋ ಇದ್ದಲ್ಲೇ ಉಳಿದದ್ದರಿಂದ ಕಥೆಯಾಯಿತು.

ನಮ್ಮದು ೧೯೮೫ರ ಅಂಬಾಸಡರ್ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧಾರವಾಗಿಟ್ಟುಕೊಂಡು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ೧೯೫೦ರ ದಶಕದ ಕೊನೆಗೆ ತಯಾರಾಗತೊಡಗಿ, ಮಂತ್ರಿಗಳನ್ನೂ ಮದುಮಕ್ಕಳನ್ನೂ ಒಂದೇ ಗಾಂಭೀರ್ಯದಿಂದ ಹೊತ್ತು ತಿರುಗಿ, ೨೦೧೪ರ ಮೇ ತಿಂಗಳಲ್ಲಿ ತಯಾರಿಕೆ ನಿಂತುಹೋದ ಗಾಡಿ. ೧೪೮೯ ಸಿ.ಸಿ.ಯ ಪೆಟ್ರೋಲ್ ಎಂಜಿನ್ನು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ಅಧಿಕಾರಿಯ ದರ್ಜೆಗೆ ಬಡ್ತಿ ಪಡೆದ ವರ್ಷ, ಅಂದರೆ ೧೯೯೬ರಲ್ಲಿ, ಹನ್ನೊಂದು ವರ್ಷದ ಹರೆಯದಲ್ಲಿ ಅದು ನಮ್ಮ ಮನೆಗೆ ಬಂದಿತು. ಮಗನನ್ನು ಶಾಲೆಗೆ ಬಿಟ್ಟಿತು, ನನ್ನ ತಾಯಿಯನ್ನು ಕೊನೆಯ ಸಲ ಆಸ್ಪತ್ರೆಗೆ ಒಯ್ದಿತು, ಹನುಮಂತನಗರದ ನಮ್ಮ ಬೀದಿಯ ಅರ್ಧ ಮದುವೆಗಳ ದಿಬ್ಬಣಕ್ಕೆ ಹೋಗಿ ಬಂದಿತು.

ಗಾಡಿಯ ಮಾಲೀಕ ನಾನೆಂಬುದು ಕಾಗದದ ಮಾತು. ಅದನ್ನು ನಿಜವಾಗಿ ಬಲ್ಲವರು ನಮ್ಮ ಮೇಸ್ತ್ರಿ. ಬಡಾವಣೆಯ ಅಂಚಿನಲ್ಲಿ ಒಂದು ಹೊಂಗೆಯ ಮರ, ಮರದ ಕೆಳಗೆ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ. ಅದು ಅವರ ಕಾರ್ಖಾನೆ. ಹತ್ತನೆಯ ವಯಸ್ಸಿನಲ್ಲಿ ಕಲಾಸಿಪಾಳ್ಯದ ಯಾವುದೋ ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆಯುವ ಹುಡುಗನಾಗಿ ಸೇರಿದವರು. ಓದು ಬರಹ ಅಷ್ಟಕ್ಕಷ್ಟೆ. ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ವೈದ್ಯರು ಎದೆ ನೋಡುವಂತೆ ಕೇಳುತ್ತಿದ್ದರು. ಅವರ ಕಡೆಯಿಂದ ಒಂದು ಪದ್ಧತಿಯಿತ್ತು. ಏನನ್ನೇ ಬದಲಾಯಿಸಲಿ, ತೆಗೆದ ಹಳೆಯ ಸಾಮಾನನ್ನು ಚಿಂದಿಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿ, "ಹಳೇದು ಇದೆ ನೋಡಿ ಸ್ವಾಮಿ" ಎಂದು ಹಿಂದಿನ ಸೀಟಿನ ಮೇಲೆ ಇಡುತ್ತಿದ್ದರು. ಕಿತ್ತುಹೋದ ಫ್ಯಾನ್ ಬೆಲ್ಟು, ಸುಟ್ಟ ಪ್ಲಗ್ಗು, ಸವೆದ ಬ್ರೇಕಿನ ಲೈನಿಂಗು, ರಬ್ಬರಿನ ಉಂಗುರ, ಎಲ್ಲವೂ ಹೀಗೆ ಮನೆಗೆ ಬರುತ್ತಿದ್ದವು. ಸಾಮಾನು ಬಿಸಾಡುವುದು ನನ್ನ ಹೆಂಡತಿಯ ಸ್ವಭಾವದಲ್ಲೇ ಇಲ್ಲ. "ಯಾವುದಕ್ಕಾದರೂ ಬೇಕಾಗುತ್ತದೆ" ಎಂದು ಅವಳು ಸಣ್ಣಪುಟ್ಟದ್ದನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದಳು.

ಮಂಡಿಯ ನೋವಿನಿಂದ ಮೇಸ್ತ್ರಿ ೨೦೧೯ರಲ್ಲಿ ಶೆಡ್ಡು ಮುಚ್ಚಿದರು. ಮರುವರ್ಷ ಕೊರೋನಾ ಅವರನ್ನು ಕರೆದುಕೊಂಡು ಹೋಯಿತು. ಹೊಂಗೆಯ ಮರದ ಕೆಳಗೆ ಈಗ ಮೊಬೈಲ್ ಫೋನಿನ ಅಂಗಡಿಯಿದೆ. ಆ ಎರಡು ಮೂರು ವರ್ಷ ನಮ್ಮ ಗಾಡಿಯೂ ಹೊದಿಕೆ ಹೊದ್ದು ಮಲಗಿಯೇ ಇತ್ತು. ೨೦೨೪ರ ಜನವರಿಯಲ್ಲಿ ಒಂದು ಹೊಸ ಗ್ಯಾರೇಜಿನಲ್ಲಿ ಅದಕ್ಕೆ ಎಣ್ಣೆ, ಫಿಲ್ಟರು ಬದಲಾಯಿಸಿಕೊಂಡು ಬಂದದ್ದಾಯಿತು. ಹೆಸರು ಬೇಡ, ಗಾಜಿನ ಬಾಗಿಲು, ಕಾಫಿಯ ಯಂತ್ರ, ಸಮವಸ್ತ್ರದ ಹುಡುಗರು ಎಲ್ಲ ಇದ್ದ ಜಾಗ. ಬಿಲ್ಲು ಅಚ್ಚುಕಟ್ಟಾಗಿತ್ತು. ಹಿಂದಿನ ಸೀಟು ಖಾಲಿಯಾಗಿತ್ತು.

ಆರೇಳು ತಿಂಗಳು ಕಳೆಯುವಷ್ಟರಲ್ಲಿ ಗಾಡಿ ನಿಲ್ಲುವ ಜಾಗದಲ್ಲಿ ಕಲೆ ಕಾಣಿಸಿಕೊಂಡಿತು. ಮೊದಲು ನಾಣ್ಯದಷ್ಟು, ಆಮೇಲೆ ಹಪ್ಪಳದಷ್ಟು, ಕೊನೆಗೆ ಒಬ್ಬಟ್ಟಿನಷ್ಟು. ಎಣ್ಣೆ ನೋಡುವ ಕಡ್ಡಿಯಲ್ಲಿ ಮಟ್ಟ ತಿಂಗಳು ತಿಂಗಳಿಗೆ ಇಳಿಯತೊಡಗಿತು. ಇತ್ತ ೨೦೨೫ರಲ್ಲಿ ನೋಂದಣಿ ನವೀಕರಣದ ಗಡುವು. ಹದಿನೈದು ವರ್ಷ ತುಂಬಿದ ಖಾಸಗಿ ಕಾರು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು ತಾನು ಇನ್ನೂ ಬದುಕಿದ್ದೇನೆಂದು ತೋರಿಸಬೇಕು. ನಾವು ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕಿರುವ ಸರ್ಟಿಫಿಕೇಟು ಕೊಡುವುದಿಲ್ಲವೇ, ಹಾಗೆ. ಎಣ್ಣೆ ಸುರಿಸುತ್ತ ಅಲ್ಲಿಗೆ ಹೋಗುವುದು ಹೇಗೆ?

ಅದೇ ಗ್ಯಾರೇಜಿಗೆ ಒಯ್ದೆ. ಕೆಳಗಿನಿಂದ ಟಾರ್ಚು ಬಿಟ್ಟು ನೋಡಿದರು. "ಹಿಂದಿನಿಂದ ಲೀಕಾಗ್ತಿದೆ ಸಾರ್, ಎಂಜಿನ್ ಇಳಿಸಬೇಕು. ಮೂವತ್ತೆಂಟು ಸಾವಿರ ಆಗಬಹುದು" ಎಂದರು. ನಾನು ಸುಮ್ಮನೆ ನಿಂತಿದ್ದನ್ನು ಕಂಡು ಮೇಲ್ವಿಚಾರಕ ಇನ್ನೊಂದು ಮಾತು ಸೇರಿಸಿದ: "ಮುಂಚೆ ಯಾರೋ ರಸ್ತೆ ಬದಿಯವರ ಹತ್ತಿರ ಮಾಡಿಸಿದ್ದೀರಲ್ಲ ಸಾರ್, ಅವರೇ ಕೆಡಿಸಿಟ್ಟಿರೋದು."

ಮೂವತ್ತೆಂಟು ಸಾವಿರದ ಮಾತು ಕಿವಿಗೆ ಬಿದ್ದು ಹೋಯಿತು. ಎರಡನೆಯ ಮಾತು ಎದೆಯಲ್ಲಿ ಕೂತಿತು. ಇಪ್ಪತ್ಮೂರು ವರ್ಷ ಆ ಗಾಡಿಯ ನಾಡಿ ಹಿಡಿದವರು, ಈಗ ಬಂದು ಉತ್ತರ ಹೇಳಲಾರದವರು.

ರಾತ್ರಿ ಅಮೆರಿಕದಿಂದ ಮಗ ಫೋನು ಮಾಡಿದಾಗ ಅವನದು ಒಂದೇ ಮಾತು: "ಅಪ್ಪ, ಗುಜರಿಗೆ ಹಾಕಿಬಿಡು. ಕ್ಯಾಬಿನಲ್ಲಿ ಓಡಾಡಿ." ಗುಜರಿಯವನೂ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಇಪ್ಪತ್ತೆರಡು ಸಾವಿರ ಎಂದ. ಲೆಕ್ಕ ಬಲ್ಲ ಯಾವನಾದರೂ ಅಲ್ಲಿಗೆ ಮುಗಿಸುತ್ತಿದ್ದ. ಆದರೆ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಸಂಜೆ ನಗದು ಕಡಿಮೆ ಬಿದ್ದರೆ, ಯಾರ ಮೇಲಾದರೂ ಹೊರಿಸುವ ಮೊದಲು, ವೋಚರುಗಳನ್ನೆಲ್ಲ ಮತ್ತೆ ತಿರುವಿ ಹಾಕಬೇಕು. ನಾನು ವೋಚರು ತಿರುವಿಹಾಕಲು ನಿರ್ಧರಿಸಿದೆ.

ಇದು ಹೇಳಿದಷ್ಟು ಸುಲಭವಲ್ಲ. ನಮ್ಮಂಥವರ ಮನೆಗಳಲ್ಲಿ ಕೈಗೆ ಮಸಿ ಅಂಟಿದರೆ ಅದು ಪೆನ್ನಿನ ಮಸಿಯಾಗಿರಬೇಕೆಂದು ಬರೆಯದ ನಿಯಮವುಂಟು. ಬೇರೆಯ ಮಸಿಗೆ ಬೇರೆಯವರಿದ್ದಾರೆ. ಅವರು ಗಾಡಿಯ ಕೆಳಗೆ ಮಲಗಿರುವಾಗ ನಾವು ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಪೇಪರು ಓದುತ್ತೇವೆ. ನಾನು ಗೋಣಿತಾಟು ಹಾಸಿ ಗಾಡಿಯ ಕೆಳಗೆ ಸರಿದಾಗ ಎದುರುಮನೆಯವರು ಗಾಬರಿಯಾಗಿ ಗೇಟಿನ ಹತ್ತಿರ ಬಂದು, "ಏನಾದರೂ ಬಿದ್ದುಹೋಯಿತೇ ಸಾರ್?" ಎಂದು ಕೇಳಿದರು. ಮನುಷ್ಯ ತಾನಾಗಿ ಅಲ್ಲಿಗೆ ಹೋಗಿರಬಹುದೆಂದು ಅವರಿಗೆ ಹೊಳೆಯಲಿಲ್ಲ.

ಗಾಡಿಯ ಡಬ್ಬಿಯಲ್ಲಿ ಹೊದಿಕೆ ಹರಿದ ಕೈಪಿಡಿಯೊಂದಿತ್ತು. ನಾಲ್ಕು ರಾತ್ರಿ ಅದನ್ನು ಓದಿದೆ. ಎಣ್ಣೆಯ ದಾರಿ ಇಷ್ಟು: ಕೆಳಗಿನ ತೊಟ್ಟಿಯಲ್ಲಿ ಸುಮಾರು ನಾಲ್ಕು ಲೀಟರು ಎಣ್ಣೆ. ಪಂಪು ಅದನ್ನು ಎತ್ತಿ ಫಿಲ್ಟರಿಗೆ ತಳ್ಳುತ್ತದೆ. ಅಲ್ಲಿ ಸೋಸಿಕೊಂಡು ಅದು ಎಂಜಿನ್ನಿನ ಬೇರಿಂಗುಗಳಿಗೆ ಹೋಗುತ್ತದೆ. ಎಣ್ಣೆಯನ್ನು ಸೋಸುವ ಈ ಉಪಾಯವೂ ಅಷ್ಟು ಹಳೆಯದಲ್ಲ. ೧೯೨೩ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲೆಂಡ್ ಎಂಬಾತ ಕಾರಿನ ಎಣ್ಣೆಗೆ ಒಂದು ಸೋಸುಕವನ್ನು ರೂಪಿಸಿ, 'ಪ್ಯೂರ್ ಆಯಿಲ್ ಲೇಟರ್' ಎಂಬ ಮೂರು ಮಾತುಗಳನ್ನು ಕೂಡಿಸಿ ಅದಕ್ಕೆ 'ಪ್ಯೂರೊಲೇಟರ್' ಎಂದು ಹೆಸರಿಟ್ಟ. ಶುದ್ಧವಾದ ಎಣ್ಣೆ, ಆದರೆ ಆಮೇಲೆ! ನಮ್ಮ ಗಾಡಿಯ ಫಿಲ್ಟರು ಎಂಜಿನ್ನಿನ ಪಕ್ಕೆಗೆ ನೇತುಬಿದ್ದ ಉಕ್ಕಿನ ದೊಡ್ಡ ಲೋಟದ ಹಾಗಿದೆ. ಲೋಟದೊಳಗೆ ಸೋಸುವ ಕಾಗದದ ಉರುಳೆ. ತಳದಿಂದ ತೂರಿ ಮೇಲಿನ ತಲೆಗೆ ಕಚ್ಚಿಕೊಳ್ಳುವ ಒಂದು ಉದ್ದನೆಯ ಬೋಲ್ಟು. ತಲೆಯ ಅಡಿಯಲ್ಲಿ ದುಂಡಗೆ ಒಂದು ಗಾಡಿ ತೋಡು, ಅಂದರೆ ಕೊರೆದ ಕಾಲುವೆ. ಅದರಲ್ಲಿ ರಬ್ಬರಿನ ಉಂಗುರ. ಉಂಗುರಕ್ಕೆ ಲೋಟದ ಬಾಯಿ ಒತ್ತಿ ಕೂತಿರುತ್ತದೆ. ಪಂಪಿನ ಒತ್ತಡವನ್ನೆಲ್ಲ ಅಲ್ಲಿ ತಡೆದು ನಿಂತಿರುವುದು ಆ ಉಂಗುರವೊಂದೇ.

ಸೋರಿಕೆ ಎಲ್ಲಿಂದ ಎಂಬುದೇ ಮೊದಲ ಪ್ರಶ್ನೆ. ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ. ಗಾಡಿ ಓಡುವಾಗ ಮುಂದಿನಿಂದ ಬರುವ ಗಾಳಿ ಎಣ್ಣೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಬಳಿಯುತ್ತದೆ. ಮಳೆಗಾಲದಲ್ಲಿ ಹೆಂಚು ಒಡೆದದ್ದು ಒಂದು ಕಡೆ, ನೀರು ತೊಟ್ಟಿಕ್ಕುವುದು ದೇವರ ಮನೆಯಲ್ಲಿ ಎಂಬುದನ್ನು ಹಳೆಯ ಮನೆಯಲ್ಲಿ ಇದ್ದವರೆಲ್ಲ ಬಲ್ಲರು. ಡೀಸೆಲ್ಲು ಮತ್ತು ಬ್ರಷ್ಷಿನಿಂದ ಎಂಜಿನ್ನಿನ ಪಕ್ಕೆಯನ್ನು ತೊಳೆದು ಒಣಗಿಸಿದೆ. ಆಮೇಲೆ ಏನು ಮಾಡಬೇಕೆಂದು ಓದಿ ಹೇಳಿದಾಗ ಹೆಂಡತಿ ಒಳಗೆ ಹೋಗಿ ತನ್ನ ಮುಖದ ಪೌಡರಿನ ಡಬ್ಬಿ ತಂದುಕೊಟ್ಟಳು. ಮೈಯೆಲ್ಲ ಪೌಡರು ಉದುರಿಸಿಕೊಂಡ ಎಂಜಿನ್ನು ವಿಭೂತಿ ಬಳಿದುಕೊಂಡ ಬೈರಾಗಿಯ ಹಾಗೆ ಕಂಡಿತು. ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟೆವು. ಹಿಂಭಾಗ ಬೆಳ್ಳಗೇ ಇತ್ತು. ಫಿಲ್ಟರಿನ ಲೋಟ ತಲೆಗೆ ಕೂಡುವ ಕಡೆ ಒಂದು ಸಣ್ಣ ಕಂದು ಗೆರೆ ಮೂಡಿ, ಬೆವರಿನಂತೆ ಕೆಳಗಿಳಿಯಿತು.

"ಮುಚ್ಚಳದ ಅಂಚು" ಎಂದಳು ಹೆಂಡತಿ. "ಗ್ಯಾಸ್ಕೆಟ್ ಹೋಗಿದೆ."

ಈ ತೀರ್ಪನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅಡುಗೆಮನೆಯ ಹೊರಗೆ ಕೇಳಿದ್ದು ಅದೇ ಮೊದಲು. ಎಂಜಿನ್ನು ನಿಂತಾಗ ಪಂಪು ನಿಲ್ಲುತ್ತದೆ, ಪಂಪು ನಿಂತಾಗ ಸೋರುವುದೂ ನಿಲ್ಲುತ್ತದೆ. ಒಲೆ ಆರಿಸಿದ ಮೇಲೆ ಕುಕ್ಕರು ಹಬೆ ಬಿಡುವುದಿಲ್ಲವಲ್ಲ, ಹಾಗೆ. ನಿಂತ ಗಾಡಿಯ ಕೆಳಗೆ ಟಾರ್ಚು ಬಿಟ್ಟವರಿಗೆ ಅದು ಕಾಣದಿದ್ದದ್ದು ಸಹಜವೇ.

ಮಾರನೆಯ ದಿನ ಜೆ.ಸಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಗಾಡಿಯ ಸಾಮಾನಿಗೆ ಅದೇ ಕಾಶಿ. ಮೊದಲ ಎರಡು ಅಂಗಡಿಗಳಲ್ಲಿ ಅಂಬಾಸಡರ್ ಎಂದೊಡನೆ ನಕ್ಕರು. ಮೂರನೆಯದರಲ್ಲಿ ಒಬ್ಬ ವಯಸ್ಸಾದವರು ಕನ್ನಡಕ ಹಣೆಗೇರಿಸಿ, "ಪೆಟ್ರೋಲೋ ಡೀಸೆಲೋ ಸಾರ್? ಯಾವ ವರ್ಷ?" ಎಂದು ಕೇಳಿ, ಏಣಿ ಹತ್ತಿ, ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದರು. ಉಂಗುರಕ್ಕೆ ಮೂವತ್ತು ರೂಪಾಯಿ. ಫಿಲ್ಟರಿನ ಉರುಳೆ, ನಾಲ್ಕು ಲೀಟರು ಎಣ್ಣೆ ಎಲ್ಲ ಸೇರಿ ಎರಡು ಸಾವಿರದೊಳಗೇ ಮುಗಿಯಿತು. ಉಂಗುರವನ್ನು ಕೈಗಿಡುತ್ತ ಅವರು, "ಹಳೇದು ಪೂರ್ತಿ ತೆಗೆದು ಆಮೇಲೆ ಹಾಕಿ ಸಾರ್, ಕೆಲವರು ತೆಗೆಯೋದೇ ಇಲ್ಲ" ಎಂದರು.

ಆ ಉಂಗುರವನ್ನು ಬಸ್ಸಿನಲ್ಲಿ ಬೆರಳುಗಳ ನಡುವೆ ಆಡಿಸುತ್ತ ಬಂದೆ. ಮರದ ಹಾಲಿನಿಂದಾಗುವ ರಬ್ಬರಿಗೆ ಗಾಡಿಯ ಎಣ್ಣೆ ಆಗಿಬರುವುದಿಲ್ಲ. ಅದರಲ್ಲಿ ನೆನೆದು ಊದಿಕೊಂಡು ಕೆಡುತ್ತದೆ. ಎಣ್ಣೆಗೆ ಜಗ್ಗದ ನೈಟ್ರೈಲ್ ರಬ್ಬರನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರು ೧೯೩೦ರ ದಶಕದಲ್ಲಿ ಕಂಡುಹಿಡಿದರು. ಆದರೆ ಅದಕ್ಕೂ ಆಯುಸ್ಸಿನ ಮಿತಿಯುಂಟು. ವರ್ಷಗಟ್ಟಲೆ ಬಿಸಿಯುಂಡರೆ ಗಡುಸಾಗುತ್ತದೆ, ಸ್ಥಿತಿಸ್ಥಾಪಕ ಗುಣ ಹೋಗುತ್ತದೆ. ಅದು ಮಾಡಿದವರ ದೋಷವಲ್ಲ, ರಬ್ಬರಿನ ಧರ್ಮ. ಬಿಸಿಯಲ್ಲದೆ ಚಳಿಯೂ ಅದನ್ನು ಸೆಡೆಸುತ್ತದೆ. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಆಕಾಶನೌಕೆ ಮೇಲೇರಿದ ಎಪ್ಪತ್ಮೂರನೆಯ ಸೆಕೆಂಡಿನಲ್ಲಿ ಛಿದ್ರವಾಗಿ ಏಳು ಮಂದಿ ಸತ್ತದ್ದು ಓದುಗರಿಗೆ ನೆನಪಿರಬಹುದು. ಚಳಿಯಲ್ಲಿ ಸೆಡೆತ ರಬ್ಬರಿನ ಉಂಗುರವೊಂದು ಸಂದನ್ನು ತುಂಬದೆ ಹೋದದ್ದು ಅದಕ್ಕೆ ಕಾರಣ. ವಿಚಾರಣೆಯಲ್ಲಿ ರಿಚರ್ಡ್ ಫೈನ್‌ಮನ್ ಎಂಬ ವಿಜ್ಞಾನಿ ಆ ರಬ್ಬರಿನ ಚೂರೊಂದನ್ನು ಹಿಡಿಕೆಯಲ್ಲಿ ಅದುಮಿ, ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ತೆಗೆದು, ಅದು ಬೇಗನೆ ಹಿಂದಿನ ಆಕಾರಕ್ಕೆ ಮರಳದೆಂಬುದನ್ನು ಎಲ್ಲರೆದುರಿಗೆ ತೋರಿಸಿದ. ನೌಕೆ ಎಷ್ಟು ದೊಡ್ಡದು, ಉಂಗುರದ ದಪ್ಪ ಎಷ್ಟು!

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೆಲಸಕ್ಕೆ ಇಳಿದೆವು. ಗಾಲಿಗಳಿಗೆ ಕಲ್ಲು ಒಡ್ಡಿ, ಹ್ಯಾಂಡ್‌ಬ್ರೇಕು ಎಳೆದದ್ದಾಯಿತು. ಜಾಕಿಯ ಮೇಲೆ ಎತ್ತಿದ ಗಾಡಿಯ ಕೆಳಗೆ ಯಾರೂ ನುಸುಳಬಾರದು. ನಮ್ಮ ಗಾಡಿ ನೆಲದಿಂದ ಎತ್ತರ, ನಾನು ತೆಳ್ಳಗೆ, ಆದ್ದರಿಂದ ಎತ್ತುವ ಪ್ರಮೇಯ ಬರಲಿಲ್ಲ. ಕೆಳಗೆ ಹಳೆಯ ಪ್ಲಾಸ್ಟಿಕ್ ಟಬ್ಬು, ಪಕ್ಕದಲ್ಲಿ ಹಾಸಿದ ಹಳೆಯ ಸಾಪ್ತಾಹಿಕ ಪುರವಣಿ. ಎಂಜಿನ್ನು ಉಗುರು ಬೆಚ್ಚಗಿತ್ತು. ತೊಟ್ಟಿಯ ಹಳೆಯ ಎಣ್ಣೆಯನ್ನು ಮೊದಲು ಇಳಿಸಿಕೊಂಡು, ಫಿಲ್ಟರಿನ ಬೋಲ್ಟಿಗೆ ಸ್ಪ್ಯಾನರು ಹಾಕಿ ಮೆಲ್ಲಗೆ ಬಿಚ್ಚಿದೆ. ಲೋಟ ತನ್ನೊಳಗಿನ ಎಣ್ಣೆಯ ಸಮೇತ ಭಾರವಾಗಿ ಕೈಗೆ ಬಂದಿತು. ಉರುಳೆ, ತಟ್ಟೆ, ವಾಷರು, ಸ್ಪ್ರಿಂಗು, ಬಂದ ಕ್ರಮದಲ್ಲೇ ಅವನ್ನು ಒಂದು ಕವಿತೆಯ ಮೇಲೆ ಸಾಲಾಗಿ ಜೋಡಿಸಿದೆ. ಹಾಕುವಾಗ ಅದೇ ಸಾಲನ್ನು ಹಿಂದಿನಿಂದ ಓದಿದರಾಯಿತು.

ಮೇಲೆ ನೋಡಿದರೆ ತೋಡಿನಲ್ಲಿ ಕರಿಯ ಉಂಗುರ. ಸ್ಕ್ರೂಡ್ರೈವರಿನಿಂದ ಕೆದಕಿದರೆ ತೋಡಿನ ಅಂಚಿಗೆ ಗೀರು ಬಿದ್ದು ಹೊಸ ಉಂಗುರವೂ ಸೋರುವ ಅಪಾಯವುಂಟು. ಹೆಂಡತಿ ತನ್ನ ಕ್ರೋಷಾ ಕಡ್ಡಿಯನ್ನು ತಂದಳು. ತುದಿಯಲ್ಲಿ ಕೊಕ್ಕೆ, ಮೈಯೆಲ್ಲ ನುಣುಪು. ಈ ಕೆಲಸಕ್ಕೆಂದೇ ಮಾಡಿಸಿದಂತಿತ್ತು. ಉಂಗುರ ಸುಲಭವಾಗಿ ಕಿತ್ತುಬಂದಿತು. ಇನ್ನೂ ಮೆತ್ತಗೇ ಇತ್ತು. ಒಂದು ಕಡೆ ಮಾತ್ರ ಅಂಚು ನುಜ್ಜಾಗಿತ್ತು. ತೋಡನ್ನು ಒರೆಸಿದೆ. ಒಳಗೆ ಕಪ್ಪಗೆ ಲೋಹ ಕಾಣುತ್ತಿತ್ತು.

ಫೋನಿನ ಬೆಳಕು ಹಿಡಿದಿದ್ದ ಹೆಂಡತಿ, "ಸ್ವಲ್ಪ ತಾಳಿ ರೀ" ಎಂದಳು. "ಆ ಅಂಗಡಿಯವರು ಏನೆಂದರು? ಪೂರ್ತಿ ತೆಗೆದು ಅಂದರಲ್ಲವೇ?" ಎನ್ನುತ್ತ ಕಡ್ಡಿಯನ್ನು ತಾನೇ ತೆಗೆದುಕೊಂಡು, ತೋಡಿನ ತಳವನ್ನು ತುದಿಯಿಂದ ಮುಟ್ಟಿದಳು, ಆಮೇಲೆ ಅದರ ಪಕ್ಕದ ಲೋಹವನ್ನು ಮುಟ್ಟಿದಳು. ಲೋಹ ಟಿಣ್ ಎಂದಿತು. ತಳ ಏನೂ ಎನ್ನಲಿಲ್ಲ. "ಇದು ಕಬ್ಬಿಣವಲ್ಲ. ಇನ್ನೊಂದು ಇದೆ" ಎಂದಳು.

ಇತ್ತು. ವರ್ಷಗಳ ಬಿಸಿಗೆ ಒಣಗಿ, ತೋಡಿನ ತಳಕ್ಕೆ ಕಚ್ಚಿಕೊಂಡು, ಬಣ್ಣದಲ್ಲೂ ಗಟ್ಟಿತನದಲ್ಲೂ ಕಬ್ಬಿಣವೇ ಆಗಿಹೋಗಿದ್ದ ಮತ್ತೊಂದು ಉಂಗುರ. ಅದು ಇಡಿಯಾಗಿ ಬರಲಿಲ್ಲ. ಗಾಜಿನ ಬಳೆಯಂತೆ ಚೂರುಚೂರಾಗಿ ಮುರಿದು ಬಂದಿತು. ಅರ್ಧ ಗಂಟೆ ಹಿಡಿಯಿತು. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರು. ಕುಕ್ಕರಿಗೆ ಎರಡು ಗ್ಯಾಸ್ಕೆಟ್ಟು ಹಾಕಿದರೆ ಅದು ಇಮ್ಮಡಿ ಭದ್ರವಾಗುವುದಿಲ್ಲ, ಮುಚ್ಚಳವೇ ಕೂರುವುದಿಲ್ಲ. ತೋಡಿನ ಆಳ ಒಂದೇ ಉಂಗುರಕ್ಕೆ ಸಾಕಾಗುವಷ್ಟು. ಎರಡನೆಯದು ಹೊರಗೆ ಉಬ್ಬಿ, ಲೋಟದ ಅಂಚಿಗೆ ಸಿಕ್ಕಿ, ಸ್ವಲ್ಪ ಕಾಲ ಮರ್ಯಾದೆ ಉಳಿಸಿ, ಆಮೇಲೆ ಸೋರತೊಡಗಿತ್ತು. ಹೀಗೆ ಕೂತ ಉಂಗುರ ಓಡುವಾಗ ಒಮ್ಮೆಗೇ ಹೊರಕ್ಕೆ ಚಿಮ್ಮಿದ್ದರೆ, ಎಣ್ಣೆಯೆಲ್ಲ ಕೆಲವೇ ನಿಮಿಷಗಳಲ್ಲಿ ರಸ್ತೆಯ ಪಾಲಾಗಿ ಎಂಜಿನ್ನು ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಹಾಗಾದರೆ ತೆಗೆಯದೆ ಬಿಟ್ಟವರು ಯಾರು? ನನ್ನ ತಲೆಯಲ್ಲಿ ಓಡುತ್ತಿದ್ದುದು ಇದೊಂದೇ. ಮೇಲ್ವಿಚಾರಕ ಹೇಳಿದಂತೆ ಇದು ಮೇಸ್ತ್ರಿಯ ಕಾಲದ ಕೆಲಸವೇ? ಅವರು ಎಲ್ಲವನ್ನೂ ತೆಗೆಯುತ್ತಿದ್ದರೆಂದು ನನಗೆ ನಂಬಿಕೆಯಿತ್ತು. ಆದರೆ ನಂಬಿಕೆ ವೋಚರಲ್ಲ.

ನಾನು ಕೈ ಒರೆಸಿಕೊಳ್ಳುತ್ತಿರುವಾಗಲೇ ಹೆಂಡತಿ ಏಣಿ ಹಾಕಿ ಅಟ್ಟದಿಂದ ಬಿಸ್ಕತ್ತಿನ ಡಬ್ಬಿಯನ್ನು ಇಳಿಸಿದ್ದಳು. ನಾನು ಗಾಡಿಯ ಖರ್ಚಿನ ಪುಸ್ತಕವನ್ನು ತಂದೆ. ೧೯೯೬ರಿಂದ ೨೦೧೯ರವರೆಗೆ ಮೇಸ್ತ್ರಿ ಎಣ್ಣೆಯ ಫಿಲ್ಟರು ಬದಲಾಯಿಸಿದ್ದು ಇಪ್ಪತ್ತೇಳು ಸ��. ಜಗಲಿಯ ಮೇಲೆ ಪ್ಲಗ್ಗುಗಳನ್ನು ಒಂದು ಕಡೆ, ವಾಷರುಗಳನ್ನು ಒಂದು ಕಡೆ ಸರಿಸಿ, ಉಂಗುರಗಳನ್ನು ಎಣಿಸಿದೆವು. ಇಪ್ಪತ್ತಾರು. ಮತ್ತೆ ಎಣಿಸಿದೆವು. ಇಪ್ಪತ್ತಾರೇ. ನಗದು ಒಂದು ರೂಪಾಯಿ ಕಡಿಮೆ ಬಿದ್ದಾಗಲೂ ಎದೆ ಹಾಗೆ ಹೊಡೆದುಕೊಂಡದ್ದು ನನಗೆ ನೆನಪಿಲ್ಲ.

ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿದಳು. ಎದ್ದು ಹಿತ್ತಿಲಿಗೆ ಹೋಗಿ ಕಡ್ಡಿಪೊರಕೆಯನ್ನು ತಂದು ನನ್ನ ಮುಂದೆ ಹಿಡಿದಳು. ಅದರ ಬುಡದಲ್ಲಿ, ಕಡ್ಡಿಗಳು ಚೆದುರದಂತೆ ಎರಡು ಸುತ್ತು ಬಿಗಿದ ಕರಿಯ ರಬ್ಬರಿನ ಉಂಗುರ.

ಇಪ್ಪತ್ತೇಳು. ಲೆಕ್ಕ ಸರಿಹೋಯಿತು. ಮೇಸ್ತ್ರಿ ಹೊಸದನ್ನು ಹಾಕಿದ ಪ್ರತಿಯೊಂದು ಸಲವೂ ಹಳೆಯದೊಂದು ನಮ್ಮ ಮನೆಗೆ ಬಂದಿತ್ತು. ಚೂರುಚೂರಾದ ಆ ಕೆಳಗಿನ ಉಂಗುರ ೨೦೧೯ರಲ್ಲಿ ಅವರು ಕೊನೆಯದಾಗಿ ಕೂರಿಸಿದ್ದು. ಅದರ ಮೇಲಿನದು ೨೦೨೪ರದು. ಹಿಂದಿನ ಸೀಟಿನ ಮೇಲೆ ಅವರು ಇಡುತ್ತಿದ್ದುದು ಹಳೆಯ ಸಾಮಾನಲ್ಲ, ರಸೀದಿ. ಅಕ್ಷರ ಅಷ್ಟಾಗಿ ಬಾರದ ಮನುಷ್ಯ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ತಾನು ಮಾಡಿದ ಕೆಲಸಕ್ಕೆ ಇಪ್ಪತ್ಮೂರು ವರ್ಷ ತಪ್ಪದೆ ರಸೀದಿ ಬರೆದುಕೊಟ್ಟಿದ್ದರು.

ಉಳಿದದ್ದು ಕೈಕೆಲಸ. ಬಟ್ಟೆ ಸುತ್ತಿದ ಬಿದಿರುಕಡ್ಡಿಯಿಂದ ತೋಡನ್ನು ಹೊಳೆಯುವವರೆಗೆ ಶುಚಿ ಮಾಡಿದೆ. ಹೊಸ ಉಂಗುರಕ್ಕೆ ತೆಳ್ಳಗೆ ಹೊಸ ಎಣ್ಣೆ ಸವರಿ, ಎಲ್ಲೂ ಮುರುಚಿಕೊಳ್ಳದಂತೆ ಬೆರಳಿನಿಂದ ಸುತ್ತಲೂ ಒತ್ತಿ ಕೂರಿಸಿದೆ. ಲೋಟವನ್ನು ಮೇಲಕ್ಕೊತ್ತಿ, ಒಂದು ಕೈಯಿಂದ ಅದನ್ನು ಅತ್ತಿತ್ತ ಸ್ವಲ್ಪ ತಿರುಗಿಸುತ್ತ ಅಂಚು ತೋಡಿನಲ್ಲೇ ಕೂತಿತೆಂದು ಖಾತರಿ ಮಾಡಿಕೊಂಡು, ಇನ್ನೊಂದು ಕೈಯಿಂದ ಬೋಲ್ಟು ಬಿಗಿದೆ. ಮೈಬಲ ತೋರಿಸುವ ಜಾಗ ಇದಲ್ಲ. ಉಂಗುರ ನಲುಗಬೇಕು, ನಜ್ಜುಗುಜ್ಜಾಗಬಾರದು. ಎಣ್ಣೆ ತುಂಬಿ, ಕಿಡಿಯ ತಂತಿ ಕಳಚಿ, ಸ್ಟಾರ್ಟರನ್ನು ನಾಲ್ಕಾರು ಸಲ ತಿರುಗಿಸಿ ಫಿಲ್ಟರಿಗೆ ಎಣ್ಣೆ ಹತ್ತಿಸಿದೆ. ಆಮೇಲೆ ತಂತಿ ಸಿಕ್ಕಿಸಿ ಚಾಲೂ ಮಾಡಿದೆ. ನಾನು ಸ್ಟಿಯರಿಂಗಿನ ಹಿಂದೆ, ಕೈ ಬೀಗದ ಕೈಯ ಮೇಲೆ. ಹೆಂಡತಿ ಬಾನೆಟ್ಟಿನ ಪಕ್ಕ, ಕಣ್ಣು ಲೋಟದ ಅಂಚಿನ ಮೇಲೆ. ಒಂದು ನಿಮಿಷ. ಎರಡು ನಿಮಿಷ. ಐದು ನಿಮಿಷ. ಎದುರುಮನೆಯವರೂ ಬಂದು ನಿಂತಿದ್ದರು. "ಒಣಗಿದೆ" ಎಂದಳು. ನಿಲ್ಲಿಸಿ, ಫಿಲ್ಟರು ಕುಡಿದ ಎಣ್ಣೆಯನ್ನು ಕಡ್ಡಿ ನೋಡಿ ಭರ್ತಿ ಮಾಡಿದೆ. ರಾತ್ರಿ ಕೆಳಗೆ ಹಾಸಿಟ್ಟ ಹೊಸ ರಟ್ಟು ಬೆಳಿಗ್ಗೆಯೂ ಹೊಸ ರಟ್ಟಾಗಿಯೇ ಇತ್ತು. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು; ಕ್ಯಾನಿನಲ್ಲಿ ತುಂಬಿ, ಅಂಥ ಎಣ್ಣೆಯನ್ನು ಸಂಗ್ರಹಿಸುವ ಕಡೆ ಕೊಟ್ಟುಬಂದೆ. ತಿಂಗಳಾದ ಮೇಲೆ ತಪಾಸಣೆಯೂ ಆಯಿತು. ಗಾಡಿಗೆ ಇನ್ನೈದು ವರ್ಷ ಬದುಕಿರಲು ಅಪ್ಪಣೆಯಾಗಿದೆ.

ಉಗುರಿನ ಸಂದಿನ ಮಸಿ ಹೋಗಲು ನಾಲ್ಕು ದಿನ ಬೇಕಾಯಿತು. ಮೇಸ್ತ್ರಿಯ ಕೈಯಿಂದ ಅದು ಎಂದೂ ಹೋಗಿರಲಿಲ್ಲ.

ಮೇಸ್ತ್ರಿಯ ಮಗ ಈಗ ಕ್ಯಾಬು ಓಡಿಸುತ್ತಾನೆ. ಅವನನ್ನು ಹುಡುಕಿಕೊಂಡು ಹೋಗಿ ಡಬ್ಬಿಯನ್ನು ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಒಂದು ಉಂಗುರವನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ನಕ್ಕು, "ಅಪ್ಪ ಮನೆಯಲ್ಲೂ ಹಾಗೇ ಸಾರ್. ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದರೂ ಹಳೇದನ್ನ ಅಮ್ಮನ ಕೈಗೆ ಕೊಟ್ಟು, ನೋಡ್ಕೊಳೇ ಅನ್ನೋರು" ಎಂದ.

ಓದುಗರೆಲ್ಲ ಗೋಣಿತಾಟು ಹಾಸಿ ಗಾಡಿಯ ಕೆಳಗೆ ಮಲಗಬೇಕೆಂದು ನಾನು ಹೇಳುವುದಿಲ್ಲ, ಎಲ್ಲರೂ ತೆಳ್ಳಗಿರುವುದಿಲ್ಲ. ಆದರೆ ಮುಂದಿನ ಸಲ ಸರ್ವೀಸಿಗೆ ಬಿಟ್ಟಾಗ, ಬಿಲ್ಲು ಕೊಡುವ ಮೊದಲು, ತೆಗೆದ ಹಳೆಯ ಸಾಮಾನನ್ನು ತೋರಿಸಿರೆಂದು ಕೇಳಿ ನೋಡಿ. ಕೇಳಿಸಿಕೊಂಡವನು ತಬ್ಬಿಬ್ಬಾದರೆ ಅದೂ ಒಂದು ಉತ್ತರವೇ. ಕೇಳದೆಯೇ ಯಾರಾದರೂ ಚಿಂದಿಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿ ನಿಮ್ಮ ಕೈಗಿಟ್ಟರೆ ಅದನ್ನು ಬಿಸಾಡಬೇಡಿ. ಅವನಿಗೆ ಕೂಲಿಯ ಮೇಲೆ ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟು, ಅವನ ಶೆಡ್ಡು ಎಲ್ಲಿದೆಯೆಂಬುದನ್ನು ನಾಲ್ಕು ಜನಕ್ಕೆ ಹೇಳಿ.